ಬಸ್ಸು ತಿರುಗದ ಓಣಿಗಳು

ಪೊರಕೆ ತರಲು ಕಳಿಸಿದರೂ ಮೂರು ಅಂಗಡಿ ಸುತ್ತಿ, ಕಡ್ಡಿ ಎಳೆದು ನೋಡಿ, ಕೊನೆಗೆ ಬರಿಗೈಯಲ್ಲಿ ವಾಪಸು ಬರುವ ಮನುಷ್ಯ ನನ್ನ ಗಂಡ. ತಪ್ಪು ಅವರದಲ್ಲ, ಕೆಲಸದ್ದು. ತಕ್ಕಡಿ, ಥರ್ಮಾಮೀಟರುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವರಿಗೆ ನೌಕರಿ. ಮೂರು ಬೇರೆ ಬೇರೆ ದಿನ ಅಳತೆ ನೋಡದೆ ಸಹಿ ಹಾಕುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಆ ನಿಯಮ ಸಂಜೆ ಅವರ ಜೊತೆಗೇ ಮನೆಗೂ ಬರುತ್ತದೆ. ಹಾಲು ಕೆಟ್ಟಿದೆಯೇ ಎಂದು ಕೇಳಿದರೆ "ಇನ್ನೊಂದು ಸಲ ನೋಡೋಣ" ಎನ್ನುತ್ತಾರೆ. ಅಷ್ಟರಲ್ಲಿ ಅದು ನಿಜವಾಗಿಯೂ ಕೆಟ್ಟಿರುತ್ತದೆ.

ಇಂಥವರ ಕೈಗೆ ನನ್ನ ಅಣ್ಣ ತನ್ನ ಆಸೆಯನ್ನು ಒಪ್ಪಿಸಿದ.

ಅಣ್ಣ ಬಸ್ ಡ್ರೈವರ್ ಆಗಿದ್ದವನು. ಡಿಪೋದಿಂದ ಬಂದರಿಗೆ, ಬಂದರಿನಿಂದ ಡಿಪೋಗೆ, ನೌಕರಿ ಪೂರ್ತಿ ಒಂದೇ ರೂಟು. ಆ ರಸ್ತೆಯ ಎರಡೂ ಬದಿಗೆ ನೂರಾರು ಓಣಿಗಳು. ಒಂದರ ತುದಿಯಲ್ಲಿ ಅರ್ಧ ಕಾಣುವ ನೀಲಿ ಬಾಗಿಲು, ಇನ್ನೊಂದರೊಳಗಿಂದ ಯಾರೋ ಪಿಟೀಲು ಕಲಿಯುವ ಸದ್ದು. "ಬಗ್ಗಿ ನೋಡೋಣ ಅಂದ್ರೆ ಹಿಂದೆ ಅರವತ್ತು ಜೀವ ಕೂತಿರ್ತಾವೆ ಕಣೆ. ಡ್ರೈವರ್ ಕಣ್ಣು ರಸ್ತೆ ಮೇಲೇ ಇರಬೇಕು" ಎನ್ನುತ್ತಿದ್ದ.

ನಿವೃತ್ತನಾದ ಮೇಲೆ ಸೈಕಲ್ ಕೊಂಡ. ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತು, ನಕಾಶೆಯ ಮೇಲೆ ತಾನು ಹೋಗಬೇಕಾದ ದಾರಿಯನ್ನು ಗೆರೆಯಾಗಿ ಎಳೆದ. ಒಂದೊಂದು ಓಣಿಗೂ ನುಗ್ಗಿ, ಇನ್ನೊಂದರಿಂದ ಹೊರಬಂದು, ಬಸ್ ರಸ್ತೆಯನ್ನು ದಾಟುವುದೇ ಹೊರತು ಅದರ ಮೇಲೆ ಹೋಗುವುದಿಲ್ಲ. ಮುಗಿದಾಗ ಅದು ಬಿಚ್ಚಿಹೋದ ಸ್ವೆಟರಿನ ನೂಲಿನಂತಿತ್ತು. ಮೊಬೈಲು ಹಿಡಿದು ಹೊರಟರೆ ಬಿಸಿಲಲ್ಲಿ ಪರದೆ ಕಪ್ಪು; ಸಾಲದ್ದಕ್ಕೆ ಎರಡು ತಿರುವಿಗೊಮ್ಮೆ ದೊಡ್ಡ ರಸ್ತೆಗೆ ಹೋಗು ಎಂದು ಅದರ ಉಪದೇಶ. ಎಳೆದ ಗೆರೆಯನ್ನೇ ತುಂಬಿಕೊಂಡು ತೋರಿಸುವ ಕೈಯಳತೆಯ ಜಿಪಿಎಸ್ ಬೇಕಾಯಿತು.

"ಯಂತ್ರ ಆರಿಸೋದು ನಿಮ್ಮ ಜವಾಬ್ದಾರಿ ಭಾವ. ನಂದು ಒಂದೇ ಮಾತು, ಗೆರೆ ದಪ್ಪಗೆ ಕಾಣಬೇಕು" ಎಂದ ಅಣ್ಣ.

"ಬಿಡಿ ಭಾವ, ನಾನು ನೋಡ್ಕೋತೀನಿ" ಎಂದರು ನಮ್ಮವರು. ನೋಡಿಕೊಂಡೇ ನೋಡಿಕೊಂಡರು.

ಗೆಳೆಯರಿಂದ, ಅಂಗಡಿಯವರಿಂದ ಒಂದೊಂದೇ ಯಂತ್ರವನ್ನು ಎರವಲು ತಂದರು. ಎಲ್ಲವನ್ನೂ ನಮ್ಮ ಮನೆಯ ಹಿಂದಿನ ಪಾರ್ಕಿನ ಸುತ್ತಲೇ ಓಡಿಸಿದರು, ಅದರ ಸುತ್ತಳತೆ ಅವರಿಗೆ ಬಾಯಿಪಾಠ. ಮೊದಲನೆಯದರಲ್ಲಿ ನಕಾಶೆ ಚೆಂದವಿತ್ತು, ಆದರೆ ಮಧ್ಯಾಹ್ನದ ಬಿಸಿಲಲ್ಲಿ ತಮ್ಮ ಮುಖವೇ ಕಂಡಿತಂತೆ. ಎರಡನೆಯದು ಮುಟ್ಟಿದರೆ ಕೆಲಸ ಮಾಡುವಂಥದ್ದು. ಬೆವರಿದ ಬೆರಳು ತಾಗಿ ನಕಾಶೆ ಬೇರೆ ಊರಿಗೇ ಜಾರಿತು. ಮೂರನೆಯದರ ಬ್ಯಾಟರಿ ಬದಲಾಯಿಸಲು ಬರುವುದಿಲ್ಲ. "ಅರ್ಧ ದಾರೀಲಿ ಸತ್ತರೆ ಹೆಗಲು ಕೊಡೋರು ಯಾರು?" ಎಂದು ಅದನ್ನೂ ತಿರಸ್ಕರಿಸಿದರು. ನಾಲ್ಕನೆಯದಕ್ಕೆ ಗುಂಡಿಗಳಿದ್ದವು, ಅಂಗಡಿಯಲ್ಲಿ ಸಿಗುವ ಮಾಮೂಲಿ ಸೆಲ್ಲು ಹಾಕಬಹುದಿತ್ತು, ಬಿಸಿಲಲ್ಲೂ ಗೆರೆ ಕಾಣುತ್ತಿತ್ತು. ಆದರೆ ದಾರಿ ತಪ್ಪಿದರೆ ಅದು ತಾನೇ ಹೊಸ ದಾರಿ ಹುಡುಕಿ ದೊಡ್ಡ ರಸ್ತೆಗೆ ಎಳೆಯುತ್ತಿತ್ತು. ಹಾಗೆ ಮಾಡದಂತೆ ಅದನ್ನು ತಡೆಯಬಹುದು ಎಂದು ತಿಳಿಯಲು ಇನ್ನಷ್ಟು ದಿನ ಹೋದವು. ತಿಳಿದ ಮೇಲೆ ಪರೀಕ್ಷೆ ಮತ್ತೆ ಮೊದಲಿನಿಂದ.

ಅಣ್ಣ ಬಂದಾಗಲೆಲ್ಲ ಕೇಳುತ್ತಿದ್ದ. "ಏನು ಭಾವ, ಇನ್ನೂ ಗಳಿಗೆ ಕೂಡಿ ಬರಲಿಲ್ವಾ?"

"ತಾಳಿದವನು ಬಾಳಿಯಾನು ಭಾವ."

"ಬಾಳೋದು ಇರಲಿ, ಇದರ ಗೆರೆ ಎಷ್ಟು ದಪ್ಪ?"

ನಾನು ನಗುತ್ತಿದ್ದೆ. ಇಬ್ಬರ ಜಗಳ ನನಗೆ ಪುಕ್ಕಟೆ ನಾಟಕ. ಆ ದಿನಗಳಲ್ಲೇ ಅಣ್ಣ ಮುಖ ಪಕ್ಕಕ್ಕೆ ತಿರುಗಿಸಿ ಮಾತನಾಡಿಸುವುದು ಶುರುವಾಗಿತ್ತು. ಅಂಗಿಯ ಗುಂಡಿ ಒಂದು ತೂತು ಮೇಲೆ ಹೋಗಿರುತ್ತಿತ್ತು. "ಏನೋ ಅದು, ಕೋಳಿ ಥರ ಓರೆಯಾಗಿ ನೋಡ್ತೀಯಲ್ಲ" ಎಂದು ನಾನೇ ಹಾಸ್ಯ ಮಾಡಿದ್ದೆ. ಅವನೂ ನಕ್ಕಿದ್ದ. ಆ ಮಾತು ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಕೊನೆಗೊಂದು ಭಾನುವಾರ ನಮ್ಮವರು ಆ ನಾಲ್ಕನೆಯದನ್ನೇ ಕೊಂಡು, ಅಣ್ಣನ ದಾರಿಯನ್ನು ಅದಕ್ಕೆ ತುಂಬಿ, ಅವನ ಕೈಗಿಟ್ಟರು. ಅಣ್ಣ ಅದನ್ನು ಮುಖದ ಹತ್ತಿರ ತಂದ, ದೂರ ಹಿಡಿದ, ಕಿಟಕಿಯ ಕಡೆಗೆ ವಾಲಿಸಿದ.

"ಗೆರೆ ದಪ್ಪ ಇರಬೇಕು ಅಂದಿದ್ದೆನಲ್ಲ ಭಾವ."

"ಇದಕ್ಕಿಂತ ದಪ್ಪ ಯಾವುದರಲ್ಲೂ ಬರಲ್ಲ ಭಾವ."

ಅಣ್ಣ ಯಂತ್ರವನ್ನು ಮೇಜಿನ ಮೇಲಿಟ್ಟ. "ಸುತ್ತ ಅಂಚು ಕಾಣುತ್ತೆ. ನಡುವೆ ಮಸಿ ಬಳಿದ ಹಾಗಿದೆ."

ಆಮೇಲೆ ಹೇಳಿದ. ನೋಟದ ನಡುಭಾಗ ಮಾಸುತ್ತ ಹೋಗುವ ಕಾಯಿಲೆ. ಇದಕ್ಕೆ ಮದ್ದಿಲ್ಲ, ಎಷ್ಟು ಬೇಗ ಅಂತಲೂ ಹೇಳಲಾಗದು ಎಂದು ಅಣ್ಣ ಸೈಕಲ್ ಕೊಳ್ಳುವ ಮೊದಲೇ ಕಣ್ಣಿನ ಡಾಕ್ಟರು ತಿಳಿಸಿದ್ದರು.

"ನಮಗೆ ಹೇಳೋಕೆ ಏನಾಗಿತ್ತು ನಿಂಗೆ?" ನಾನು ಕಿರುಚಿದೆ.

"ಹೇಳಿದ್ರೆ ಸೈಕಲ್ಲಿಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಗಿಸ್ಕೋತಿದ್ದೆ ನೀನು."

ನಿಜ. ಹಾಗೇ ಮಾಡುತ್ತಿದ್ದೆ.

"ನೀವು ಮೊದಲು ತಂದಿದ್ರಲ್ಲ ಭಾವ, ಅದು ಆಗ ನಂಗೆ ಚೆನ್ನಾಗೇ ಕಾಣ್ತಿತ್ತು" ಎಂದ ಅಣ್ಣ. ದೂರುವ ದನಿಯೇ ಅಲ್ಲ ಅದು. "ಅದೇ ಸಾಕಿತ್ತು. ಮೋಡ ಇರೋ ದಿನ ನೋಡಿ ಹೋಗಿಬಿಡ್ತಿದ್ದೆ."

ನಮ್ಮವರು ಕುರ್ಚಿ ಹುಡುಕಿ ಕೂತರು. ಮೋಡ ಇರುವ ದಿನವೊಂದು ಅವರ ಪರೀಕ್ಷೆಯಲ್ಲಿ ಇರಲೇ ಇಲ್ಲ.

ನಾನು ಸುಮ್ಮನಿರಲಾರದೆ ಎರಡು ಸೀಟಿನ ಸೈಕಲ್ಲಿನ ಮಾತೆತ್ತಿದೆ. ಮುಂದೆ ಇವರು ತುಳಿಯಲಿ, ನೀನು ಹಿಂದೆ ಕೂತು ಪಕ್ಕಕ್ಕೆ ನೋಡು ಎಂದೆ.

"ಹಿಂದೆ ಕೂರೋಕೆ ನಾನೇನು ಪ್ಯಾಸೆಂಜರಾ?" ಎಂದು ನಗಲು ನೋಡಿದ. ಆಮೇಲೆ ಮೆಲ್ಲಗೆ, "ಪಕ್ಕದಲ್ಲಿ ಕಾಣೋದು ಬರೀ ಆಕಾರ ಕಣೆ. ಬಾಗಿಲು ಅಂತ ತಿಳಿಯುತ್ತೆ. ನೀಲಿನೋ ಹಸಿರೋ ತಿಳಿಯಲ್ಲ. ಭಾವ, ನೀವೇ ಹೋಗಿ ಬಂದು ಹೇಳಿ."

ಮುಂದಿನ ಭಾನುವಾರ ಬೆಳಿಗ್ಗೆಯೇ ನಮ್ಮವರು ಅಣ್ಣನ ಸೈಕಲ್ಲಿನಲ್ಲಿ, ಯಂತ್ರವನ್ನು ಹ್ಯಾಂಡಲಿಗೆ ಸಿಗಿಸಿ ಹೊರಟರು. ಅಣ್ಣ ಊಟವಾದ ಮೇಲೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತವನು ಏಳಲಿಲ್ಲ. ಇವರು ಬಂದಾಗ ಸಂಜೆಯಾಗಿತ್ತು. ಅಂಗಿ ಬೆವರಿಗೆ ತೊಯ್ದಿತ್ತು, ಮುಖದಲ್ಲಿ ಮಾತ್ರ ಕೆಲಸ ಮುಗಿಸಿದ ಸಮಾಧಾನ.

"ಒಂದು ಓಣಿನೂ ಬಿಡಲಿಲ್ಲ ಭಾವ. ಗೆರೆ ಬಿಟ್ಟು ಒಂದು ಸಲನೂ ಆಚೆ ಹೋಗಲಿಲ್ಲ."

"ಭೇಷ್. ನೀಲಿ ಬಾಗಿಲಿನ ಮನೆ ಯಾರದು? ಅಂಗಳದಲ್ಲಿ ಏನಿತ್ತು?"

ನಮ್ಮವರು ಹ್ಯಾಂಡಲಿನಿಂದ ಯಂತ್ರವನ್ನು ಬಿಚ್ಚಿಕೊಂಡರು.

"ಪಿಟೀಲಿನ ಮನೆ? ಈಗಲೂ ನುಡಿಸ್ತಾರಾ?"

ನಮ್ಮವರು ಕೈಯಲ್ಲಿದ್ದ ಯಂತ್ರವನ್ನು ನೋಡಿದರು. "ನಾನು ಗೆರೆ ನೋಡ್ತಿದ್ದೆ ಭಾವ."

ಅಣ್ಣ ಅವರ ಕೈಗಾಗಿ ತಡಕಿದ. ಕೈ ಸಿಗಲಿಲ್ಲ, ತೋಳು ಸಿಕ್ಕಿತು, ಅದನ್ನೇ ಹಿಡಿದುಕೊಂಡ. "ಹಂಗೇ ಆಗೋದು. ನಾನೂ ಅದನ್ನೇ ಮಾಡಿದ್ದು, ನಿವೃತ್ತಿ ಆಗೋವರೆಗೂ."

"ಇನ್ನೊಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ" ಎಂದರು ನಮ್ಮವರು.

ಮದುವೆಯಾದಾಗಿನಿಂದ ನಾನು ಗೇಲಿ ಮಾಡಿದ ಮಾತು ಅದು. ಅಂದು ನನಗೆ ನಗು ಬರಲಿಲ್ಲ.

"ಹೋಗಿ ಬನ್ನಿ" ಎಂದ ಅಣ್ಣ, ಅವರನ್ನು ನೋಡಲು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತ. "ಆ ಡಬ್ಬಿ ಮಾತ್ರ ಇಲ್ಲೇ ಬಿಟ್ಟು ಹೋಗಿ. ದಾರಿ ತಪ್ಪಿದ್ರೆ ತಪ್ಪಲಿ."