ಗೂಡಿನ ಚೀಲ

ಜಂಗಮಕೋಟೆಯ ಅಶ್ವತ್ಥಮ್ಮನ ಹುಳದ ಮನೆಗೆ ನೊಣ ನುಗ್ಗುವುದೆಂದರೆ ಹುಡುಗಾಟವೇ? ಕಿಟಕಿಗೆಲ್ಲ ಬಲೆ, ಬಾಗಿಲಿಗೆ ಎರಡು ಪರದೆ, ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಲ್ಲಿ ನೆನೆಸಿದ ಗೋಣಿ. ತನ್ನಷ್ಟು ಮಡಿಯಾಗಿ ರೇಷ್ಮೆಹುಳ ಸಾಕುವವರು ಊರಲ್ಲೇ ಇಲ್ಲ ಅಂತ ಆಕೆಗೆ ಜಂಬವೂ ಇತ್ತು, ಇರಲಿ ಬಿಡಿ. ಹಾಗಿದ್ದೂ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪು ಮೇಯುತ್ತಿದ್ದ ಹುಳಗಳ ಮೈಮೇಲೆ ಕರಿ ಚುಕ್ಕೆ ಕಂಡಿತು. ಊಜಿ!

ಊಜಿ ನೊಣ ಹುಳದ ಮೈಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಚರ್ಮ ಕೊರೆದು ಒಳಗಿಳಿಯುತ್ತದೆ, ಹೊಕ್ಕ ತೂತಿಗೇ ಹಿಂಬದಿ ಒಡ್ಡಿಕೊಂಡು ಉಸಿರಾಡುತ್ತದೆ. ಮೊದಲು ಬರೀ ಕೊಬ್ಬು ತಿನ್ನುತ್ತದೆ. ಹುಳ ಬೇಗ ಸತ್ತರೆ ತನಗೇ ಊಟವಿಲ್ಲವಲ್ಲ! ಬಲಿತ ಮೇಲೆ ಹುಳವನ್ನೋ ಗೂಡನ್ನೋ ತೂತು ಮಾಡಿಕೊಂಡು ಹೊರಬಿದ್ದು, ಯಾವುದಾದರೂ ಸಂದಿಯಲ್ಲಿ ಕಂದು ಕಾಳಾಗಿ ಕೂರುತ್ತದೆ. ಹತ್ತು ಹನ್ನೆರಡು ದಿನಕ್ಕೆ ಮತ್ತೆ ನೊಣ.

ಮೂರು ದಿನದ ಹಿಂದೆ ಪಕ್ಕದ ಮನೆಯ ಮಂಗಮ್ಮ ಒಳಗೆ ಬಂದಿದ್ದಳು. ಅವಳ ಹಿಂದಿನ ಬೆಳೆಗೆ ಊಜಿ ಬಿದ್ದಿದ್ದು ಊರಿಗೇ ಗೊತ್ತು. ಅಶ್ವತ್ಥಮ್ಮನಿಗೆ ಅಷ್ಟು ಸಾಕಾಯಿತು. ಬೆಳಿಗ್ಗೆ ಹಾಲಿನ ಡೈರಿಯಲ್ಲಿ, ಎಲ್ಲರೂ ಕ್ಯಾನು ಹಿಡಿದು ನಿಂತಿರುವಾಗಲೇ, "ನಿನ್ನ ಸೀರೆಲಿ ಊಜಿ ತಂದು ನನ್ನ ಬೆಳೆ ಹಾಳು ಮಾಡಿದ್ಯಲ್ಲೇ! ಇನ್ಮೇಲೆ ನನ್ನ ಹೊಸ್ತಿಲು ತುಳೀಬೇಡ" ಅಂದುಬಿಟ್ಟಳು. ಮಂಗಮ್ಮ ಹಾಲನ್ನೂ ಹಾಕದೆ ಮನೆಗೆ ಹೋದಳು.

ಅದಾದ ನಾಲ್ಕನೇ ದಿನಕ್ಕೆ ಉಳಿದ ಹುಳ ಹಣ್ಣಾಗತೊಡಗಿತು. ನೂಲು ಬಿಡುವಷ್ಟು ಹಣ್ಣಾದ ಹುಳ ಕಾಯುವುದಿಲ್ಲ. ಆಗಿಂದಾಗ್ಗೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡಬೇಕು, ಇಲ್ಲದಿದ್ದರೆ ನೂಲು ಕಂಡಕಂಡಲ್ಲಿ ಉಗಿದು ಹಾಳು. ಹನ್ನೆರಡು ವರ್ಷದಿಂದ ಆ ದಿನ ಇವಳಿಗೆ ಮಂಗಮ್ಮ, ಮಂಗಮ್ಮನಿಗೆ ಇವಳು ನೆರವು. ಈಗ ಮನೆಯಲ್ಲಿದ್ದುದು ಅಶ್ವತ್ಥಮ್ಮ ಮತ್ತು ಮಂಡಿನೋವಿನ ಗಂಡ ಮುನಿಶಾಮಪ್ಪ, ಇಬ್ಬರೇ.

ಚಂದ್ರಿಕೆ ಇಳಿಸಲು ಹುಳದ ಮನೆಯ ಅಟ್ಟ ಹತ್ತಿದಾಗ ಮೂಲೆಯಲ್ಲಿ ಮಡಿಸಿಟ್ಟ ಚೀಲ ಕೈಗೆ ಸಿಕ್ಕಿತು. ಹಿಂದಿನ ಬೆಳೆಯ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದು ತಂದ ಚೀಲ. ಮನೆಗೆಲ್ಲ ಬ್ಲೀಚಿಂಗ್ ಹೊಡೆದ ಮೇಲೆ ಅವಳೇ ಮೇಲಿಟ್ಟದ್ದು, ಒಗೆದಿರಲಿಲ್ಲ. ಬಿಡಿಸಿದಳು. ಮಡಿಕೆಯೊಳಗೆ ಭತ್ತದ ಕಾಳಿನಂಥ ಕಂದು ಸಿಪ್ಪೆಗಳು, ಎಲ್ಲ ಬಾಯಿ ಬಿಟ್ಟು ಖಾಲಿ.

"ಅಯ್ಯಯ್ಯೋ, ನೊಣ ಬಲೆ ಒಳಗೇ ಹುಟ್ಟವೆ ಕಣ್ರೀ!"

"ಮಂಗಮ್ಮನ ಮನೆಗೆ ಹೋಗಿ ಹೇಳು," ಅಂದ ಮುನಿಶಾಮಪ್ಪ.

"ಅಂದಿದ್ದು ಮನೇಲಲ್ವಲ್ಲ," ಅಂದು ಅಶ್ವತ್ಥಮ್ಮ ಡೈರಿಗೆ ನಡೆದಳು. ಸಾಲಿನಲ್ಲಿದ್ದ ಮಂಗಮ್ಮ ಮುಖ ತಿರುಗಿಸಿದಳು.

"ಎಲ್ಲಾರೂ ಕೇಳ್ರಪ್ಪಾ. ಊಜಿ ತಂದಿದ್ದು ಮಂಗಮ್ಮ ಅಲ್ಲ, ನಾನು. ನನ್ನ ಚೀಲದಲ್ಲೇ ಬಂತು. ತಪ್ಪಾಯ್ತು ಕಣೇ ಮಂಗಮ್ಮಾ."

ಮಂಗಮ್ಮ ನಿಧಾನವಾಗಿ ಹಾಲು ಅಳೆಸಿ, ಕ್ಯಾನಿನ ಮುಚ್ಚಳ ಬಿಗಿದಳು.

"ಹುಳ ಹಣ್ಣಾಯ್ತಾ ಅಕ್ಕಾ?"

"ಅರ್ಧ ಆಗೈತೆ."

"ಮತ್ತೆ ಇಲ್ಲಿ ಏನ್ ಮಾಡ್ತಿದ್ದೀಯ, ನಡಿ ನಡಿ," ಅಂದಳು ಮಂಗಮ್ಮ.

ಅಶ್ವತ್ಥಮ್ಮನ ಹೊಸ್ತಿಲಲ್ಲಿ ನಿಂತು, ಬ್ಲೀಚಿಂಗ್ ಗೋಣಿಯ ಮೇಲೆ ಒಂದಲ್ಲ, ಮೂರು ಸಲ ಕಾಲೊರೆಸಿದಳು.

"ನೋಡ್ಕೊ, ಆಮೇಲೆ ನನ್ನ ಅನ್ಬೇಡ."