ಬನ್ನಿ ಅನ್ನಬಾರದ ವಾರ್ಡು

ನಮ್ಮ ವಾರ್ಡಿನಲ್ಲಿ ಬೈದರೂ ನಡೆಯುತ್ತಿತ್ತು, ‘ಬನ್ನಿ’ ಅನ್ನುವ ಹಾಗಿರಲಿಲ್ಲ. ಆ ನಿಯಮ ಮಾಡಿದವಳು ನಾನೇ. ವಾರ್ಡಿನ ಹಿರಿಯ ನರ್ಸ್ ನಾನು. ನನ್ನ ಬಾಯಿಗೆ ಹೆದರದವರು ಆ ಮಹಡಿಯಲ್ಲೇ ಇರಲಿಲ್ಲ, ದೊಡ್ಡ ಡಾಕ್ಟರನ್ನೂ ಸೇರಿಸಿ. ಕೊರೊನಾ ಗುಣವಾಗಿ ಮನೆಗೆ ಹೊರಟವರನ್ನು ಲಿಫ್ಟಿನ ತನಕ ಬಿಡುವಾಗ ‘ಆರಾಮಾಗಿರಿ’ ಅನ್ನಬೇಕು, ‘ಹುಷಾರು’ ಅನ್ನಬೇಕು, ಏನೂ ತೋಚದಿದ್ದರೆ ಸುಮ್ಮನೆ ಕೈ ಬೀಸಬೇಕು. ‘ಹೋಗಿ ಬನ್ನಿ’ ಅಂದವರಿಗೆ ನನ್ನಿಂದ ಮಂಗಳಾರತಿ ಖಾತ್ರಿ.

ನಿಯಮ ಮಾಡುವುದು ಸುಲಭ. ಆದರೆ ಅದು ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ ಮಾತು. ಅಂಗಡಿಗೆ ಹೊರಟವರಿಗೂ ‘ಹೋಗಿ ಬಾ’, ಬಚ್ಚಲಿಗೆ ಹೊರಟವರಿಗೂ ‘ಹೋಗಿ ಬಾ’. ಬರೀ ‘ಹೋಗು’ ಅಂದರೆ ಜಗಳ, ಬರೀ ‘ಹೋಗ್ತೀನಿ’ ಅಂದರೆ ಅಪಶಕುನ. ಹೊಸದಾಗಿ ಸೇರಿದ ಹುಡುಗಿಯರು ‘ಹೋಗಿ ಬ…’ ಅಂತ ಶುರು ಮಾಡಿ, ನನ್ನ ಮುಖ ನೋಡಿ, ‘ಬ… ಬಾಗಿಲು ಹುಷಾರು’ ಅಂತ ಮುಗಿಸುತ್ತಿದ್ದರು.

ಇದೆಲ್ಲ ಶುರುವಾದದ್ದು ಒಬ್ಬ ಡ್ರಾಯಿಂಗ್ ಮೇಷ್ಟ್ರಿಂದ. ನಿವೃತ್ತರು, ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿದ್ದವರು. ಕಿಟಕಿ ಪಕ್ಕದ ಮಂಚದಲ್ಲಿದ್ದು ಕೊರೊನಾ ಗುಣಮಾಡಿಕೊಂಡು ಹೊರಟರು. ನಾನು ರೂಢಿಯ ಪ್ರಕಾರ ‘ಹೋಗ್ಬನ್ನಿ ಸರ್’ ಅಂದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅದೇ ಕೆಮ್ಮು, ಅದೇ ಜ್ವರ ಹೊತ್ತು ಅದೇ ಮಂಚಕ್ಕೆ ಬಂದರು.

‘ನೀವೇ ಕರೆದ್ರಲ್ಲ ಸಿಸ್ಟರ್, ನಿಮ್ಮ ಮಾತು ಮೀರೋಕಾಗುತ್ತಾ’ ಅಂತ ನಕ್ಕರು. ನಾನೂ ನಕ್ಕೆ.

ಕೊನೆಗೆ ಅವರ ಮಾತು ನಿಂತುಹೋಯಿತು. ತೋರುಬೆರಳಿನಿಂದ ಹೊದಿಕೆಯ ಮೇಲೆ ಆ ಕಿಟಕಿಯನ್ನೇ ಬರೆಯುತ್ತಿದ್ದರು. ಮೊದಲು ಚೌಕ, ಆಮೇಲೆ ಅಡ್ಡಗೆರೆ, ಉದ್ದಗೆರೆ, ಕೊನೆಗೆ ಮೂಲೆಯಲ್ಲೊಂದು ಪುಟ್ಟ ಚಿಲಕ. ಚಿಲಕ ಹಾಕದೆ ಬೆರಳು ಎತ್ತುತ್ತಿರಲಿಲ್ಲ. ಹಾಗೆ ಬರೆಯುತ್ತಲೇ ತೀರಿಕೊಂಡರು.

ಆಮೇಲೆ ಒಬ್ಬೊಬ್ಬರೇ ವಾಪಸ್ ಬರತೊಡಗಿದರು. ಬಸ್ ಕಂಡಕ್ಟರ್ ಬಂದ, ಟೀ ಅಂಗಡಿಯಾಕೆ ಬಂದಳು. ಹುಡುಗಿಯರು ಅವರಿಗೆ ‘ನೆಂಟರು’ ಅಂತ ಹೆಸರಿಟ್ಟು ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ಬಂದವರೆಲ್ಲ ನಾನು ಲಿಫ್ಟಿನ ತನಕ ಬಿಟ್ಟು ಬಾಯಿ ತುಂಬ ಕರೆದವರು.

ತಡೆಯಲಾರದೆ ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ, ಕೂರಿಸಿಕೊಂಡು ಬಿಡಿಸಿ ಹೇಳಿದರು. ‘ಮತ್ತೆ ಬಂದೋರು ಯಾರು ಅಂತ ನೋಡಿ ಸಿಸ್ಟರ್. ಒಬ್ರಿಗೆ ಕ್ಯಾನ್ಸರ್ ಔಷಧ, ಒಬ್ರಿಗೆ ಬೇರೆಯವರ ಕಿಡ್ನಿ ಹಾಕಿದ್ದಾರೆ, ಒಬ್ರಿಗೆ ಡಯಾಲಿಸಿಸ್. ಒಂದ್ಸಲ ಬಂದ ಕಾಯಿಲೆ ಇವರ ಮೈಗೆ ಸರಿಯಾಗಿ ನೆನಪಿರಲ್ಲ. ಮತ್ತೆ ಬಂದು ಬಾಗಿಲು ತಟ್ಟಿದ್ರೆ ಯಾರೋ ಹೊಸಬರು ಅಂತ ತೆಗೆದುಬಿಡುತ್ತೆ. ಅದೂ ಅಲ್ದೆ ಇವರೆಲ್ಲ ಪದೇ ಪದೇ ಆಸ್ಪತ್ರೆಗೆ ಬರ್ಲೇಬೇಕು. ಕಾಯಿಲೆ ಇರೋದೂ ಇಲ್ಲೇ ಅಲ್ವಾ?’

‘ಮತ್ತೆ ನಾನು ಕರೆದದ್ದು?’

‘ನೀವು ಎಲ್ಲರನ್ನೂ ಕರೀತೀರಿ. ಬರದೇ ಇರೋರು ನಿಮ್ಮ ನೆನಪಲ್ಲಿಲ್ಲ, ಅಷ್ಟೇ.’

ಅವರು ಹೇಳಿದ್ದು ಸರಿ. ನಾನೂ ಓದಿದವಳೇ, ಅಷ್ಟು ನನಗೂ ಗೊತ್ತು. ಆದರೆ ಆ ವಾರವೇ ಟೀ ಅಂಗಡಿಯಾಕೆ, ಕಿಟಕಿ ಪಕ್ಕದ ಆ ಮಂಚದಲ್ಲಿ ಮಲಗಿದ್ದವಳು, ಮಟಮಟ ಮಧ್ಯಾಹ್ನ ಹೊದಿಕೆಯ ಮೇಲೆ ಬೆರಳಾಡಿಸತೊಡಗಿದಳು. ಚೌಕ. ಅಡ್ಡಗೆರೆ. ಉದ್ದಗೆರೆ. ಮೇಷ್ಟ್ರನ್ನು ಅವಳು ಕಣ್ಣಿಂದಲೂ ಕಂಡಿರಲಿಲ್ಲ. ಬೆರಳು ಮೂಲೆಗೆ ಹೋಗಿ ಚಿಲಕ ಹಾಕಿತು. ಡಾಕ್ಟರನ್ನು ಕರೆತಂದು ತೋರಿಸಿದೆ. ಆಕ್ಸಿಜನ್ ಕಡಿಮೆಯಾದಾಗ ರೋಗಿಗಳು ಹೊದಿಕೆ ಕೆರೆಯುವುದು ಸಾಮಾನ್ಯ ಅಂದರು ಡಾಕ್ಟರ್. ಚಿಲಕ ಬರೆಯುವುದೂ ಸಾಮಾನ್ಯವೇ? ಆಕೆಯೂ ಉಳಿಯಲಿಲ್ಲ. ಅವತ್ತೇ ‘ಬನ್ನಿ’ಗೆ ಬೀಗ ಹಾಕಿಸಿದೆ.

ಆಗ ಬಂದಳು ಅಕ್ಕ. ನನ್ನ ಒಡಹುಟ್ಟಿದ ಅಕ್ಕ. ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ತುಳಿದು ನನ್ನನ್ನು ನರ್ಸಿಂಗ್ ಓದಿಸಿದವಳು. ಮದುವೆ ಆಗಲಿಲ್ಲ. ಕೇಳಿದವರಿಗೆ ‘ಇಂಥ ನಾದಿನಿ ಇದ್ದಾಳೆ ಅಂತ ಗೊತ್ತಾದ್ಮೇಲೆ ಯಾವ ಗಂಡು ಬರ್ತಾನೆ’ ಅಂತ ನನ್ನ ತಲೆಗೆ ಕಟ್ಟುತ್ತಿದ್ದಳು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಮ್ಮ ಆಸ್ಪತ್ರೆಯ ಕೆಳಮಹಡಿಗೇ ಡಯಾಲಿಸಿಸ್ಸಿಗೆ ಬರುತ್ತಿದ್ದಳು. ಅಲ್ಲಿ ಪಕ್ಕದವರ ಜೊತೆ ಮಾಸ್ಕ್ ಕೆಳಗಿಳಿಸಿ ಹರಟೆ. ಕೊರೊನಾ ಅಂಟಿಸಿಕೊಂಡು ನನ್ನ ವಾರ್ಡಿಗೆ ಬಂದಾಗ ಎಲ್ಲರೆದುರೇ ಬೈದೆ.

‘ಊರಿಗೆಲ್ಲ ಸಿಸ್ಟರ್, ಸ್ವಂತ ಅಕ್ಕಂಗೆ ಮಾತ್ರ ಪೊಲೀಸು’ ಅಂದಳು ಪಕ್ಕದ ಮಂಚದವರಿಗೆ.

ಕಿಟಕಿ ಪಕ್ಕದ ಮಂಚ ಖಾಲಿಯಿತ್ತು. ಅದನ್ನು ಬಿಟ್ಟು ಬಾಗಿಲ ಬಳಿ ಮಲಗಿಸಿದೆ. ಜ್ವರ ಇಳಿದದ್ದೇ ತಡ, ಅವಳ ಕೈ ಸುಮ್ಮನಿರಲಿಲ್ಲ. ‘ಈ ಹೊದಿಕೆಗೆ ಅಂಚೇ ಹೊಲಿದಿಲ್ಲ ಕಣೇ, ದಾರ ಕಿತ್ತು ಬರ್ತಿದೆ’ ಅಂತ ಸೂಜಿ ದಾರಕ್ಕೆ ಕಾಡಿ ತರಿಸಿಕೊಂಡಳು. ಅಂಚು ಎರಡು ಮಡಿಕೆ ಮಡಿಚುವುದು, ಹೆಬ್ಬೆರಳ ಉಗುರಿನಿಂದ ಗೀರಿ ಕೂರಿಸುವುದು, ನಾಲ್ಕು ಹೊಲಿಗೆ ಹಾಕಿ ಸೂಜಿ ಸರಾಗ ಓಡಲೆಂದು ಕಿವಿಯ ಹಿಂದೆ ಕೂದಲಿಗೆ ಒರೆಸುವುದು. ಚಿಕ್ಕಂದಿನಿಂದ ಆ ಕೈ ನೋಡುತ್ತಲೇ ನಾನು ನಿದ್ದೆ ಹೋದವಳು.

ಅವಳು ಗುಣವಾದಳು. ಲಿಫ್ಟಿನ ಎದುರು ಚೀಲ ಹಿಡಿದು ತಿರುಗಿ, ‘ಬರ್ತೀನಿ ಕಣೇ’ ಅಂದಳು.

‘ಬರ್ತೀನಿ ಅನ್ಬೇಡ. ಹೋಗ್ತೀನಿ ಅನ್ನು.’

‘ಬಾಯಿ ಬಿಟ್ಟು ಅನ್ನೋ ಮಾತೇನೇ ಅದು? ಸಾಯೋರು ಹೇಳೋದು.’

‘ಇಲ್ಲಿ ಬರ್ತೀನಿ ಅಂದೋರು ಸಾಯ್ತಿದ್ದಾರೆ ಅಕ್ಕ. ನನಗೋಸ್ಕರ ಒಂದ್ಸಲ ಹೇಳು.’

ಅವಳು ನನ್ನ ಮುಖ ನೋಡಿದಳು. ಹುಡುಗಾಟ ಅಲ್ಲ ಅಂತ ತಿಳಿಯಿತು. ಆದರೂ ಆ ಮಾತು ಅವಳ ಬಾಯಿಂದ ಹೊರಡಲಿಲ್ಲ. ‘ಆಯ್ತು ಬಿಡು, ನೀನು ಕರೆಯೋ ತನಕ ಈ ಕಡೆ ತಲೆ ಹಾಕಲ್ಲ’ ಅಂದು ಲಿಫ್ಟಿನೊಳಗೆ ಹೋದಳು. ನಾನು ಕರೆಯಲಿಲ್ಲ. ಸುಮ್ಮನೆ ಕೈ ಬೀಸಿದೆ.

ಕರೆಯದಿದ್ದರೂ ಬಂದಳು. ಚಳಿ ಶುರುವಾಗುವ ಹೊತ್ತಿಗೆ ಡಯಾಲಿಸಿಸ್ ಕೋಣೆಯಲ್ಲಿ ಮತ್ತೆ ನಾಲ್ಕಾರು ಜನಕ್ಕೆ ಹರಡಿತು. ಮೊದಲು ಬಂದು ಹೋಗಿದ್ದವರಿಗೇ ಹೆಚ್ಚು. ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಂದರು. ‘ಕರೆಯದೇ ಬಂದೋಳು, ಮರ್ಯಾದೆ ಇಲ್ಲ ನೋಡು’ ಅಂದಳು ಏದುಸಿರಲ್ಲೇ. ವಾರ್ಡು ತುಂಬಿತ್ತು. ಖಾಲಿಯಿದ್ದದ್ದು ಒಂದೇ ಮಂಚ, ಕಿಟಕಿ ಪಕ್ಕದ್ದು. ಬೇರೆಯವರನ್ನು ಎಬ್ಬಿಸೋಣ ಅಂದರೆ ಎಲ್ಲರ ಮೂಗಿಗೂ ಕೊಳವೆ. ಕೈಯಾರೆ ಅವಳನ್ನು ಅಲ್ಲಿ ಮಲಗಿಸಿದೆ.

ಅವತ್ತಿನಿಂದ ನಾನು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಬಲಗೈಯ ತೋರುಬೆರಳನ್ನು. ಬೇರೆ ರೋಗಿಗೆ ಸೂಜಿ ಹಾಕುವಾಗಲೂ ಕಣ್ಣು ಅತ್ತ. ಆ ಬೆರಳು ಚೌಕ ಬರೆದರೆ ಮುಗಿಯಿತು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ನೆರಳು ಅವಳ ಹೊದಿಕೆಯ ಮೇಲೇ ಬೀಳುತ್ತಿತ್ತು, ಚಿಲಕದ ಸಮೇತ. ನೋಡಲಾರದೆ ಪರದೆ ಎಳೆದೆ. ‘ಕತ್ತಲು ಯಾಕೆ ಮಾಡ್ತೀಯ’ ಅಂತ ಅವಳು ಗೊಣಗಿದಳು.

ಒಂದು ಮಧ್ಯಾಹ್ನ ಮಾತು ತೊದಲತೊಡಗಿತು. ಬೆರಳು ಮೆಲ್ಲಗೆ ಎದ್ದಿತು. ನಾನು ಕೈಯಲ್ಲಿದ್ದ ತಟ್ಟೆ ಬಿಟ್ಟು ಓಡಿದೆ. ಬೆರಳು ಹೊದಿಕೆಯ ಮೇಲೆ ತಡಕಾಡಿ ಅಂಚು ಹುಡುಕಿತು. ಎರಡು ಮಡಿಕೆ. ಹೆಬ್ಬೆರಳಿನಿಂದೊಂದು ಗೀರು. ಇಲ್ಲದ ಸೂಜಿಯಿಂದ ನಾಲ್ಕು ಹೊಲಿಗೆ, ಕಿವಿಯ ಹಿಂದೆ ಒರೆಸು, ಮತ್ತೆ ನಾಲ್ಕು. ನನಗೆ ಹೋದ ಜೀವ ಬಂದಂತಾಯಿತು. ಆ ಮಂಚದ ಕೈಯಲ್ಲ ಅದು, ನನ್ನ ಅಕ್ಕನ ಕೈ. ಮಂಚದ ಪಕ್ಕದಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಸಂಜೆಗೆ ಉಸಿರು ಸಾಲದಾಯಿತು. ಐಸಿಯುಗೆ ಸಾಗಿಸಿ ಅಂದರು ಡಾಕ್ಟರ್. ಸ್ಟ್ರೆಚರಿಗೆ ಹಾಕಿ ಲಿಫ್ಟಿನ ತನಕ ತಳ್ಳಿಕೊಂಡು ಹೋದೆವು. ಬಾಗಿಲು ತೆಗೆದುಕೊಂಡಾಗ ಅವಳು ಕಣ್ಣು ಬಿಟ್ಟು, ನನ್ನನ್ನು ಗುರುತಿಸಿ, ಮೂಗು ಬಾಯಿ ಮುಚ್ಚಿದ್ದ ಮಾಸ್ಕನ್ನು ಸರಿಸಿದಳು.

‘ಹೋಗ್ತೀನಿ ಕಣೇ’ ಅಂದಳು. ನನ್ನನ್ನು ಸಮಾಧಾನ ಮಾಡುವ ದನಿ. ‘ನೀನು ಹೇಳಿದ್ಯಲ್ಲ. ಹೇಳಿದೀನಿ ನೋಡು.’

ಲಿಫ್ಟಿನ ಬಾಗಿಲು ಮುಚ್ಚಿತು. ನನ್ನ ನಿಯಮ, ನನ್ನ ಬೀಗ, ಎಲ್ಲ ಹಾಳಾಗಿ ಹೋಗಲಿ. ಎರಡೂ ಅಂಗೈಯಲ್ಲಿ ಆ ತಗಡಿನ ಬಾಗಿಲು ಬಡಿದೆ. ‘ಬಾ ಅಕ್ಕ’ ಅಂತ ಕೂಗಿದೆ. ‘ಹೋಗಿ ಬಾ. ಬರ್ತೀನಿ ಅನ್ನು. ಬಾ ಅಕ್ಕ, ವಾಪಸ್ ಬಾ.’ ಇಡೀ ವಾರ್ಡು ಕೇಳಿಸಿಕೊಂಡಿತು. ಹುಡುಗಿಯರು ಬಂದು ನನ್ನ ತೋಳು ಹಿಡಿದರು.

ಐಸಿಯುವಿನಿಂದ ಅವಳು ಬರಲಿಲ್ಲ.

ರಜೆ ಮುಗಿಸಿ ನಾನು ಕೆಲಸಕ್ಕೆ ಬಂದಾಗ ಯಾರೂ ನನ್ನೆದುರು ಏನೂ ಅನ್ನುತ್ತಿರಲಿಲ್ಲ, ಬನ್ನಿಯೂ ಇಲ್ಲ, ಹೋಗಿಯೂ ಇಲ್ಲ. ಕಿಟಕಿ ಪಕ್ಕದ ಮಂಚಕ್ಕೆ ಒಬ್ಬ ಲಾರಿ ಡ್ರೈವರ್ ಬಂದಿದ್ದ. ಅವನಿಗೂ ಎರಡನೇ ಸಲ, ಅವನ ಹೊಟ್ಟೆಯಲ್ಲೂ ಬೇರೆಯವರ ಕಿಡ್ನಿ. ಬೆಟ್ಟದಂಥ ಆಳು, ಬೋಳು ತಲೆ, ಒಂದೊಂದು ಬೆರಳೂ ಬಾಳೆಕಾಯಿ ಗಾತ್ರ. ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುವಷ್ಟು ಪುಕ್ಕಲ.

ಒಂದು ಮಧ್ಯಾಹ್ನ ಅವನಿಗೆ ಆಕ್ಸಿಜನ್ ಇಳಿಯಿತು. ಕೊಳವೆ ಸರಿಪಡಿಸಿ, ಡಾಕ್ಟರಿಗೆ ಹೇಳಿಕಳಿಸಿ ಪಕ್ಕದಲ್ಲೇ ನಿಂತೆ. ಬೆರಳು ಎದ್ದಿತು. ಚೌಕ ಬರೆಯುತ್ತದೆ ಅಂತ ಕಾದೆ. ಬರೆಯಲಿಲ್ಲ. ಹೊದಿಕೆಯ ಮೇಲೆ ತಡಕಾಡಿ ಅಂಚು ಹಿಡಿಯಿತು. ಎರಡು ಮಡಿಕೆ. ಹೆಬ್ಬೆರಳ ಉಗುರಿನಿಂದೊಂದು ಗೀರು. ನಾಲ್ಕು ಹೊಲಿಗೆ ಹಾಕಿ, ಕೈ ನಿಧಾನ ಮೇಲೆ ಹೋಗಿ, ಒಂದೂ ಕೂದಲಿಲ್ಲದ ಆ ತಲೆಗೆ, ಕಿವಿಯ ಹಿಂದೆ, ಒರೆಸಿತು.

ಡಾಕ್ಟರ್ ಇನ್ನೂ ಬಂದಿರಲಿಲ್ಲ. ನಾನು ಹೆದರಲಿಲ್ಲ. ಕರೆದವಳು ನಾನೇ ಅಲ್ಲವೇ.

‘ಬಂದ್ಯಾ’ ಅಂದೆ, ಅವನಿಗೆ ಕೇಳದ ಹಾಗೆ.

ಪರದೆ ಸರಿಸಿ ಬೆಳಕು ಮಾಡಿದೆ. ಹೊದಿಕೆಯ ಅಂಚು ಕೈಗೆ ಎಟಕುವಂತೆ ಇನ್ನಷ್ಟು ಮೇಲಕ್ಕೆ ಎಳೆದುಕೊಟ್ಟೆ.