ದುರಸ್ತಿಯ ಹಣ

ಸೇವಾ ಸಂಘದ ಅಧ್ಯಕ್ಷರು ಬೆಳ್ಳಿಹಬ್ಬಕ್ಕೆಂದು ಹೊಲಿಸಿದ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಸಂಘದ ಖಜಾಂಚಿಯೂ ಆದ ದರ್ಜಿ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದ.

“ಹೊಟ್ಟೆ ಹತ್ರ ಸ್ವಲ್ಪ ಬಿಗಿ ಕಣಯ್ಯಾ.”

“ತಪ್ಪು ಬಟ್ಟೇದಲ್ಲ ಸಾರ್, ಸಂಘದ ಊಟದ್ದು.”

ಇಬ್ಬರೂ ನಕ್ಕರು. ಮೊದಲ ವರ್ಷ ಹನ್ನೊಂದು ಜನ ಸದಸ್ಯರ ಚಂದಾದಲ್ಲೇ ಮೂವತ್ತು ಜನಕ್ಕೆ ಕನ್ನಡಕ ಕೊಡಿಸಿ, ಸಭೆಯಲ್ಲಿ ಬರೀ ಚಹಾ ಕುಡಿದು ಎದ್ದವರು ಇವರೇ. ಆಮೇಲೆ, ರೋಗಿಗಳ ಮನೆಗೆ ಎರವಲು ಕೊಡಲು ಆಮ್ಲಜನಕದ ಯಂತ್ರ ಬಂತು. ಅದರ ದುರಸ್ತಿಗೆ ಪ್ರತಿವರ್ಷ ಹಣ ತೆಗೆದಿಡುತ್ತಿದ್ದರು. ಸಮಾರಂಭಗಳು ದೊಡ್ಡವಾದಂತೆ, ಈ ವರ್ಷಕ್ಕೆ ಮಾತ್ರ ಎಂದುಕೊಂಡು ಆ ಹಣವನ್ನು ವೇದಿಕೆಗೆ, ಬ್ಯಾನರಿಗೆ ಬಳಸಿದರು. ನಾಲ್ಕು ವರ್ಷ ಲೆಕ್ಕವನ್ನು ಹಾಗೆ ತಿದ್ದಿ ಬರೆದವನು ದರ್ಜಿಯೇ.

“ಈ ಸಲವಾದ್ರೂ ದುರಸ್ತಿ ದುಡ್ಡು ಮುಟ್ಟೋದು ಬೇಡ ಸಾರ್.”

“ನನಗೇನು ಮೆರೆಯೋ ಹುಚ್ಚಾ? ಸಮಾರಂಭ ಕಳೆಗಟ್ಟದಿದ್ರೆ ದಾನಿಗಳು ಈ ಕಡೆ ತಲೆ ಹಾಕ್ತಾರಾ? ಅವರು ಕೊಟ್ಟಿದ್ರಲ್ಲೇ ತಾನೇ ಯಂತ್ರ ಬಂದಿದ್ದು.”

ಆ ಮಾತೂ ಸುಳ್ಳಲ್ಲ. ದರ್ಜಿ ಇನ್ನೊಂದು ಗುಂಡುಸೂಜಿ ಚುಚ್ಚಿದ.

ಅಷ್ಟರಲ್ಲಿ ಅಂಗಡಿಯ ಮುಂದೆ ಆಟೊ ನಿಂತಿತು. ಹೋದ ವಾರ ಗಂಡನನ್ನು ಕಳೆದುಕೊಂಡ ಟೀಚರಮ್ಮ ಯಂತ್ರ ಮರಳಿಸಲು ಬಂದಿದ್ದರು. ಚಾಲಕ ಅದನ್ನು ಒಳಗೆ ತಂದಿಟ್ಟು ಹೋದ.

“ಕೊನೇ ದಿನ ಮಧ್ಯಾಹ್ನ ಇದು ನಿಂತೇ ಹೋಯ್ತು ಅಣ್ಣಾ. ಆಸ್ಪತ್ರೆಯಿಂದ ಸಿಲಿಂಡರ್ ತರೋಷ್ಟರಲ್ಲಿ ಅವರು ಹೋಗ್ಬಿಟ್ರು. ಆಯಸ್ಸು ಅಷ್ಟೇ ಇತ್ತು ಬಿಡಿ. ಎರಡು ತಿಂಗಳು ಉಸಿರಾಡಿದ್ದೇ ನಿಮ್ಮ ಸಂಘದ ಪುಣ್ಯ.” ಅವರು ಚೀಲದಿಂದ ಒಂದು ಲಕೋಟೆ ತೆಗೆದರು. “ಬೆಳ್ಳಿಹಬ್ಬಕ್ಕೆ ನನ್ನದೂ ಸ್ವಲ್ಪ ಇರಲಿ.”

ಅಧ್ಯಕ್ಷರು ಕೈಮುಗಿದು ಲಕೋಟೆ ತೆಗೆದುಕೊಂಡು ದರ್ಜಿಗೆ ಕೊಟ್ಟರು. ರಸೀದಿ ಪುಸ್ತಕಕ್ಕೆ ಅವನ ಕೈ ಹೋಗಲಿಲ್ಲ. ಲಕೋಟೆಯನ್ನು ಟೀಚರಮ್ಮನ ಕೈಗೇ ವಾಪಸು ಕೊಟ್ಟ.

“ಆಯಸ್ಸಲ್ಲಮ್ಮಾ. ನಾಲ್ಕು ವರ್ಷದಿಂದ ಈ ಯಂತ್ರಾನ ಒಂದ್ಸಲಾನೂ ಬಿಚ್ಚಿ ನೋಡಿಸಿಲ್ಲ. ಆ ದುಡ್ಡು ಸಮಾರಂಭಕ್ಕೆ ಹಾಕಿದ್ವಿ. ಹಾಗೆ ಲೆಕ್ಕ ಬರೆದವನು ನಾನು.”

“ಈಗ ಅದೆಲ್ಲ ಯಾಕೆ...” ಎಂದ ಅಧ್ಯಕ್ಷರು ತಲೆ ತಗ್ಗಿಸಿ ನಿಂತರು.

ಟೀಚರಮ್ಮ ಗಿರಾಕಿಗಳ ಬೆಂಚಿನ ಮೇಲೆ ಕುಳಿತರು. ಯಂತ್ರದ ಮೇಲೆ ಕೈಯಿಟ್ಟರು.

“ಎಷ್ಟಾಗ್ತಿತ್ತು ಇದರ ದುರಸ್ತಿಗೆ?”

“ವರ್ಷಕ್ಕೆ ಎರಡು ಸಾವಿರ.”

“ಒಂದು ಮಾತು ಹೇಳಿದ್ರೆ ನಾನೇ ಕೊಡ್ತಿದ್ನಲ್ಲ ಅಣ್ಣಾ,” ಎಂದರು.